ಪುಟ್ಟನಿಂಗಮ್ಮನ ಬಲಗೈ

ಪುಟ್ಟನಿಂಗಮ್ಮನನ್ನು ಹೊಳೆದಂಡೆಯ ಆಶ್ರಮಕ್ಕೆ ಗಾಡಿಯಲ್ಲಿ ಕರೆತಂದಾಗ ಅವಳ ಬೆನ್ನ ತುಂಬ ಬೇವಿನ ಬರಲಿನ ಏಟಿನ ಬಾಸುಂಡೆಗಳಿದ್ದವು. ಮೆಣಸಿನಕಾಯಿ ಹೊಗೆಗೆ ಕಣ್ಣುಗಳು ಊದಿಕೊಂಡಿದ್ದವು. ಊರಿನವರು ಅದನ್ನು ಚಿಕಿತ್ಸೆ ಎನ್ನುತ್ತಿದ್ದರು.

ಅವಳು ಸೂಲಗಿತ್ತಿ. ಆ ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಕೈಯಲ್ಲೇ. ಆ ಬಲಗೈ ಈಗ ಯಾರದೋ ಕೈಯಂತೆ ಹೆಗಲಿನಿಂದ ಜೋತುಬಿದ್ದಿತ್ತು.

ಕರೆತಂದವಳು ಪಟೇಲನ ತಾಯಿ ಚೌಡಮ್ಮ. ದೆವ್ವವಾದರೆ ಬಿಡಿಸಿ, ನಾಟಕವಾದರೆ ಬಾಯಿಬಿಡಿಸಿ ಎಂದಳು. ಅಮಾವಾಸ್ಯೆಯ ಹೊತ್ತಿಗೆ ಕಿರಿಸೊಸೆಗೆ ಹೆರಿಗೆ. ಅಷ್ಟರಲ್ಲಿ ಕೈ ಸರಿಹೋಗದಿದ್ದರೆ ಇವಳಿಗೆ ಊರಿನಲ್ಲಿ ಜಾಗವಿಲ್ಲ ಎಂದೂ ಹೇಳಿದಳು.

ಗುರು ಕೇಳಿದರು, "ಏನಾಯ್ತವ್ವ?"

"ಗೊತ್ತಿಲ್ಲ ಬುದ್ಧಿ. ನನ್ನ ಕೈ ನನ್ನ ಮಾತು ಕೇಳ್ತಿಲ್ಲ."

ಗುರು ಅವಳ ಬೆರಳಿನಿಂದ ಕತ್ತಿನವರೆಗೆ ಒತ್ತಿ ನೋಡಿದರು, ಮುಳ್ಳು ಚುಚ್ಚಿ ನೋಡಿದರು, ಎರಡು ತೋಳುಗಳ ಮಾಂಸವನ್ನು ಹಿಡಿದು ಹೋಲಿಸಿದರು. ಉಂಡು ಮಲಗು ಎಂದು ಹೇಳಿ ಸ್ನಾನಕ್ಕೆ ಹೊರಟರು.

ಶಿಷ್ಯ ಚನ್ನವೀರನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನಿಗೊಂದು ಪರೀಕ್ಷೆ ಗೊತ್ತಿತ್ತು. ಅವಳನ್ನು ಅಂಗಾತ ಮಲಗಿಸಿದ, ಸತ್ತ ಕೈಯನ್ನು ಅವಳ ಮುಖದ ಮೇಲಕ್ಕೆತ್ತಿ ಹಿಡಿದ, ಬಿಟ್ಟುಬಿಟ್ಟ.

ಕೈ ಮುಖದ ಮೇಲೆ ಬೀಳಲಿಲ್ಲ. ಮೂಗನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಜಾರಿತು.

"ಸತ್ತ ಕೈಗೆ ಮೂಗಿನ ಮೇಲೆ ಎಷ್ಟು ಕರುಣೆ ನೋಡಿ," ಎಂದು ಚನ್ನವೀರ ಎಲ್ಲರೆದುರಿಗೆ ನಕ್ಕ. "ಸುಳ್ಳಿ ಇವಳು."

ಚೌಡಮ್ಮನೂ ನಕ್ಕಳು. ಗಾಡಿಯವನೂ ನಕ್ಕ. ಚೌಡಮ್ಮ ನಿಶ್ಚಿಂತೆಯಿಂದ ಊರಿಗೆ ಹೊರಟಳು.

ಮರುದಿನ ಬೆಳಿಗ್ಗೆ ಪುಟ್ಟನಿಂಗಮ್ಮನಿಗೆ ಮಾತೂ ನಿಂತುಹೋಗಿತ್ತು.

ಚನ್ನವೀರ ಗುರುಗಳ ಬಳಿಗೆ ಓಡಿದ. ಅವನಿಗೆ ಹೆದರಿಕೆಯಾಗಿತ್ತು, ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಇವಳು ನಾಟಕ ಬೆಳೆಸುತ್ತಿದ್ದಾಳೆ ಎಂದ. ನಿದ್ದೆಯಲ್ಲಿ ಅದೇ ಕೈಯಿಂದ ನೊಣ ಓಡಿಸಿದ್ದನ್ನು ತಾನೇ ಕಂಡೆ ಎಂದ.

"ನಾನೂ ಕಂಡೆ," ಎಂದರು ಗುರು. "ನರ ಚೆನ್ನಾಗಿದೆ. ಮೂಳೆ ಚೆನ್ನಾಗಿದೆ."

"ಮತ್ತೆ, ಸುಳ್ಳಲ್ಲವೇ ಗುರುಗಳೇ?"

ಗುರು ಅಂಗಳಕ್ಕೆ ಇಳಿದರು. ಅಲ್ಲಿ ಒಂದು ಮೇಕೆಮರಿಯಿತ್ತು. ತಾಯಿ ಸತ್ತ ಮರಿ. ಚನ್ನವೀರನೇ ಹಾಲಿನಲ್ಲಿ ಬತ್ತಿ ಅದ್ದಿ ಚೀಪಿಸಿ ಬದುಕಿಸಿದ್ದ. ಗುರು ಅದನ್ನು ಎತ್ತಿ ಅವನ ಕೈಗಿಟ್ಟರು.

"ನಡುಹೊಳೆಗೆ ಹೋಗಿ ಇದನ್ನು ಮುಳುಗಿಸಿ ಬಾ."

ಚನ್ನವೀರ ಗುರುಗಳ ಮುಖ ನೋಡಿದ. ಅಲ್ಲಿ ನಗೆಯಿರಲಿಲ್ಲ. ಗುರುವಿನ ಮಾತು ಮೀರುವುದಿಲ್ಲ ಎಂದು ದೀಕ್ಷೆಯ ದಿನ ಆಣೆಯಿಟ್ಟವನು ಅವನು. ಹೋದ.

ನೀರು ಎದೆಗೆ ಬಂತು. ಮರಿ ಅವನ ಕತ್ತಿನ ಬೆವರು ನೆಕ್ಕುತ್ತಿತ್ತು. ಮುಳುಗಿಸಬೇಕು ಎಂದುಕೊಂಡ. ಬಾಯಿಬಿಟ್ಟು ಹೇಳಿಯೂ ಹೇಳಿದ. ಕೈ ಇಳಿಯಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಯತ್ನಿಸಿದ. ಮೊಣಕೈ ಕಲ್ಲಾಗಿತ್ತು. ತನ್ನವೇ ಎರಡು ಕೈಗಳನ್ನು ಅವನು ಹೊಸದಾಗಿ ಕಂಡವನಂತೆ ನೋಡುತ್ತ ನಿಂತ.

ದಡದಿಂದ ಗುರು ಕೂಗಿ ಕೇಳಿದರು, "ಕೈಗೆ ರೋಗವೇ, ಚನ್ನವೀರ?"

"ಇಲ್ಲ."

"ಹಾಗಾದರೆ ನಾಟಕವೇ?"

ಮರಿಯನ್ನು ಎದೆಗವಚಿಕೊಂಡು ದಡಕ್ಕೆ ಬಂದ ಚನ್ನವೀರ ಗುರುಗಳ ಮುಂದೆ ನಿಲ್ಲಲಿಲ್ಲ. ಒದ್ದೆ ಮೈಯಲ್ಲೇ ನೆಟ್ಟಗೆ ಪುಟ್ಟನಿಂಗಮ್ಮನ ಚಾಪೆಯ ಬಳಿ ಹೋಗಿ ನೆಲಕ್ಕೆ ಕೂತ.

"ತಪ್ಪಾಯ್ತು ತಾಯಿ. ನೀನು ಸುಳ್ಳಿಯಲ್ಲ," ಎಂದ. ಮರಿಯನ್ನು ಅವಳ ಪಕ್ಕಕ್ಕೆ ಬಿಟ್ಟು ಕೇಳಿದ, "ನಿನ್ನ ಕೈಗೆ ಯಾರು ಏನು ಮಾಡು ಅಂದರು?"

ಅವಳು ಮರಿಯನ್ನೇ ನೋಡುತ್ತಿದ್ದಳು. ಗಂಟಲಿನಿಂದ ಗಾಳಿಯಂತೆ ಮಾತು ಬಂತು.

ಪಟೇಲರ ಮನೆಯ ಹಿರಿಸೊಸೆಗೆ ಮತ್ತೆ ಹೆಣ್ಣಾಯಿತು. ಚೌಡಮ್ಮ ಬಾಗಿಲು ಹಾಕಿ ಒದ್ದೆ ಬಟ್ಟೆ ಕೊಟ್ಟು, ಕೂಸಿನ ಮುಖದ ಮೇಲೆ ಒತ್ತು ಎಂದಳು. ಪುಟ್ಟನಿಂಗಮ್ಮನ ಗುಡಿಸಲು ನಿಂತಿರುವುದು ಪಟೇಲರ ನೆಲದಲ್ಲಿ.

"ಹ್ಞೂಂ ಅಂದೆ ಅಯ್ಯಾ. ಬಟ್ಟೆ ತಗೊಂಡೆ. ಕೈ ಬಿದ್ದೋಯ್ತು."

"ಕೂಸು?"

"ಅತ್ತುಬಿಡ್ತು. ಅದರಪ್ಪ ಬಾಗಿಲು ತಳ್ಳಿ ಬಂದ. ಬದುಕಿದೆ." ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಅದಕ್ಕೂ ಇದಕ್ಕೂ ಏನು ಸಂಬಂಧ ಅಯ್ಯಾ?"

ಈ ಕೈಗೇ ತಾನು ಪರೀಕ್ಷೆ ಇಟ್ಟೆನಲ್ಲ ಎಂದುಕೊಂಡ ಚನ್ನವೀರ. ತಲೆ ತಾನಾಗಿಯೇ ಬಾಗಿ ಆ ಕೈಗೆ ತಾಗಿತು.

ಪವಾಡವೇನೂ ನಡೆಯಲಿಲ್ಲ. ಪವಾಡ ಬೇಕಾದವರು ಬೇವಿನ ಬರಲು ಹಿಡಿದು ಊರಲ್ಲೇ ಇದ್ದರು. ಗುರು ಪುಟ್ಟನಿಂಗಮ್ಮನಿಗೆ ನಿಧಾನವಾಗಿ ಬಿಡಿಸಿ ಹೇಳಿದರು: ದೆವ್ವವಿಲ್ಲ, ಕೈ ಕೆಟ್ಟಿಲ್ಲ, ನೀನು ಬೇಕೆಂದು ಮಾಡುತ್ತಿಲ್ಲ, ಹೋದ ದಾರಿಯಲ್ಲೇ ಕೈ ತಿರುಗಿ ಬರುತ್ತದೆ. ಕೈ ಎತ್ತು ಎಂದು ಒಮ್ಮೆಯೂ ಹೇಳಲಿಲ್ಲ. ಮರಿಯನ್ನು ನೋಡಿಕೋ ಎಂದರು. ದಿನಾ ಕೂತು ಅವಳ ಮಾತು ಕೇಳಿದರು. ಬರಿಯ ಕೇಳುವುದು ಚನ್ನವೀರನಿಗೆ ಮೊದಲು ಕೆಲಸವೆಂದೇ ಅನ್ನಿಸಲಿಲ್ಲ. ಆಮೇಲೆ ಅವನೂ ಕೂತ.

ಮೊದಲು ದನಿ ಬಂತು. ಆಮೇಲೆ ಒಂದು ಬೆರಳು, ಮರಿಯ ಕಿವಿಯ ಹಿಂದೆ, ಅವಳಿಗೇ ತಿಳಿಯದಂತೆ ಆಡಿತು. ಚನ್ನವೀರ ಕಂಡೂ ಸುಮ್ಮನಿದ್ದ.

ಅಮಾವಾಸ್ಯೆಯ ಮುನ್ನಾದಿನ ಚೌಡಮ್ಮನ ಗಾಡಿ ಬಂತು. ಒಳಗೆ ಕಿರಿಸೊಸೆ ಕೂತಿದ್ದಳು. ಜೊತೆಗೆ ಬರುತ್ತೇನೆಂದು ಹಟ ಹಿಡಿದು ಬಂದಿದ್ದಳಂತೆ. ಪುಟ್ಟನಿಂಗಮ್ಮ ಮರಿಯ ಬೆನ್ನು ಸವರುತ್ತಿದ್ದಳು.

"ಸರಿಹೋಯ್ತಲ್ಲ. ಗಾಡಿ ಹತ್ತು," ಎಂದಳು ಚೌಡಮ್ಮ.

ಆ ದನಿ ಕೇಳಿದ್ದೇ ಕೈ ಮರಿಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು.

"ನೋಡು, ಮತ್ತೆ ಶುರುವಾಯ್ತು," ಎಂದು ಚೌಡಮ್ಮ ಚನ್ನವೀರನ ಕಡೆ ತಿರುಗಿದಳು. "ನೀನೇ ತಾನೇ ಹೇಳಿದ್ದು, ಸುಳ್ಳಿ ಅಂತ?"

"ನಾನು ಹೇಳಿದ್ದೇ ಸುಳ್ಳು," ಎಂದ ಚನ್ನವೀರ. "ಆ ಬಾಗಿಲು ಹಾಕಿದ ಕೋಣೆಗೆ ಅವಳು ಇನ್ನು ಬರುವುದಿಲ್ಲ."

ಕಿರಿಸೊಸೆ ಅತ್ತೆಯನ್ನೊಮ್ಮೆ ನೋಡಿದಳು. ಹೊಟ್ಟೆ ಹಿಡಿದುಕೊಂಡು ಗಾಡಿಯಿಂದ ತಾನೇ ಇಳಿದು ಬಂದು ಪುಟ್ಟನಿಂಗಮ್ಮನ ಪಕ್ಕದಲ್ಲಿ ಕೂತಳು. ನೆಲದ ಮೇಲಿದ್ದ ಬಲಗೈಯನ್ನು ಎತ್ತಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ನಾನು ಇಲ್ಲೇ ಹೆರುತ್ತೇನೆ ಎಂದಳು.

ಒಳಗಿನ ಕೂಸು ಒದೆಯಿತೋ ಏನೋ. ಬೆರಳುಗಳು ಒಂದೊಂದಾಗಿ ಅಗಲಿದವು.

ಚೌಡಮ್ಮ ಗುರುಗಳ ಮುಂದೆ ಸೆರಗು ಕೊಡವಿ ನಿಂತಳು. "ಹೋಗಿಹೋಗಿ ಆ ಸತ್ತ ಕೈಗೆ ನನ್ನ ಸೊಸೆಯನ್ನು ಒಪ್ಪಿಸಲೇ ಸ್ವಾಮಿ?"

ಗುರು ಹೇಳಿದರು, "ಅವತ್ತು ಆ ಕೋಣೆಯಲ್ಲಿದ್ದ ಕೈಗಳಲ್ಲಿ ಸಾಯದೆ ಉಳಿದದ್ದು ಅದೊಂದೇ, ಚೌಡಮ್ಮ."