ಈ ವರ್ಷದ ಮಾಡೆಲ್

ಮಲಪ್ರಭೆಯ ದಂಡೆಗೆ ನಿರ್ವಾಣಯ್ಯ ಅಜ್ಜಾರ ಮಠ. ಮಠವೆಂದರೆ ಒಂದು ಪಡಸಾಲೆ, ಅದರ ಹಿಂದೆ ಅಡುಗೆಯ ಕೋಣೆ, ಮುಂದೆ ಹೊಳೆಗಿಳಿಯುವ ಮೆಟ್ಟಿಲು. ಅಮಾವಾಸ್ಯೆಗೆ ಜನ ಬರುತ್ತಾರೆ. ಕೇಳಬೇಕಾದದ್ದನ್ನು ಕೇಳಿ, ಪ್ರಸಾದ ಉಂಡು ಹೋಗುತ್ತಾರೆ. ಉಳಿದ ದಿನ ಅಲ್ಲಿ ಅಜ್ಜಾರು ಮತ್ತು ಹೊಳೆ.

ಒಂದು ಅಮಾವಾಸ್ಯೆಗೆ ಇಂದುಧರ ಬಂದ.

ಇಂದುಧರ ಗದಗದ ಒಂದು ಮುದ್ರಣಾಲಯದಲ್ಲಿ ಮಶೀನು ನಡೆಸುವವನು. ನಲವತ್ತರ ಹತ್ತಿರ ಬಂದಿದ್ದ, ಮದುವೆಯಾಗಿರಲಿಲ್ಲ, ಒಬ್ಬನೇ ಇರುತ್ತಿದ್ದ. ಹುಡುಗನಾಗಿದ್ದಾಗ ರಜೆಯಲ್ಲಿ ಮಠದಲ್ಲೇ ಉಳಿದು ಅಜ್ಜಾರಿಂದ ವಚನ ಹೇಳಿಸಿಕೊಂಡಿದ್ದ. ಆಮೇಲೆ ಯಾವಾಗಲೋ ಒಮ್ಮೆ ಬಂದು ಕಾಲಿಗೆ ಬಿದ್ದು ಹೋಗುವುದಷ್ಟೇ ಉಳಿದಿತ್ತು.

ಅವನು ನಮಸ್ಕರಿಸಿ ಕುಳಿತ.

"ಅಜ್ಜಾರ, ಒಂದು ಮಾತು ಕೇಳಬೇಕಿತ್ರಿ."

"ಕೇಳಪಾ."

"ನನ್ನ ಬೈಕಿಂದು ಈ ವರ್ಷದ ಮಾಡೆಲ್ ಬಂದೈತ್ರಿ. ಹಳೇದು ಕೊಟ್ಟು ಅದನ್ನ ತಗೋಬೇಕೋ, ಬ್ಯಾಡೋ?"

ಪಡಸಾಲೆಯಲ್ಲಿದ್ದ ಇಬ್ಬರು ಭಕ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಾರು ನಗಲಿಲ್ಲ.

"ಈಗಿರೋದು ಕೆಟ್ಟೈತೇನು?"

"ಇಲ್ರಿ. ಚೆಂದ ಓಡತೈತಿ."

"ಹೊಸದರಾಗ ಏನು ಬದಲಾಗೇತಿ?"

ಇಂದುಧರ ಸ್ವಲ್ಪ ಮುಂದಕ್ಕೆ ಸರಿದ. ಹೀಗೆ ಕೇಳುತ್ತಾರೆಂದು ಅವನು ಎಣಿಸಿರಲಿಲ್ಲ.

"ಮೀಟರ್ ಇದ್ದಲ್ಲಿ ಬಣ್ಣದ ಪರದೆ ಕೂಡಿಸ್ಯಾರ್ರಿ, ಫೋನಿಂದು ಇರತೈತಲ್ಲ, ಹಂಗ. ಕ್ಲಚ್ ಹಿಡೀದನ ಗೇರ್ ಏರಿಸಬಹುದು. ಮುಂದಿನ ಶಾಕ್ ಬ್ಯಾರೆ ಹಾಕ್ಯಾರ. ತಿರುವಿನೊಳಗ ಗಾಡಿ ಅಳ್ಳಾಡೂದಿಲ್ಲ ಅಂತಾರ. ಮುಂದಿನ ದೀಪದ ಆಕಾರನೂ ಬದಲಾಗೇತಿ."

"ಎಂಜಿನ್ನು?"

"ಅದು ಅದ ರೀ."

ಅಜ್ಜಾರು ಗಡ್ಡ ನೀವಿಕೊಂಡು ಯೋಚಿಸಿದರು.

"ನನಗ ಪೂರಾ ತಿಳೀಲಿಲ್ಲ. ಒಮ್ಮೆ ನೀನ ಓಡಿಸಿ ನೋಡಿ, ಬಂದು ಹೇಳು."

ಮುಂದಿನ ಐತವಾರ ಇಂದುಧರ ಮತ್ತೆ ಬಂದ. ಪಡಸಾಲೆ ಖಾಲಿ ಇತ್ತು. ಅಜ್ಜಾರು ಒಬ್ಬರೇ ಕುಳಿತು ಜೋಳ ಹಸನು ಮಾಡುತ್ತಿದ್ದರು.

"ಓಡಿಸಿದ್ಯಾ?"

"ಓಡಿಸಿದೆ ರೀ. ಶೋರೂಮಿನಿಂದ ಬೈಪಾಸ್ ತನಕ ಕೊಟ್ಟಿದ್ರು. ಗೇರ್ ಭಾಳ ಮೆತ್ತಗ ಬೀಳತಾವ. ಬೆಣ್ಣಿಯೊಳಗ ಬಟ್ಟು ಆಡಿಸಿದಂಗ."

"ತಿರುವಿನೊಳಗ?"

"ಬೈಪಾಸಿನಾಗ ತಿರುವು ಎಲ್ಲ್ಯವ್ರಿ?"

"ಹಂಗಾರ ಅದು ತಿಳೀಲಿಲ್ಲ ಅಂದಂಗಾತು. ಶೋರೂಮಿನವ್ರು ಏನಂದ್ರು?"

ಇಂದುಧರ ಜೋಳದ ಮೊರದ ಕಡೆ ನೋಡಿದ.

"ಗಾಡಿ ಒಯ್ಯೋ ದಿನ ಮನಿಯವರನ್ನೆಲ್ಲ ಕರಕೊಂಡು ಬರ್ರಿ ಅಂದ್ರು. ಕೇಕ್ ಕತ್ತರಿಸಿ ಎಲ್ಲಾರದೂ ಫೋಟೋ ತಗೀತಾರಂತ."

"ನೀ ಏನಂದಿ?"

"ಹೂಂ ಅಂದು ಬಂದೆ."

ಅಜ್ಜಾರು ಮೊರವನ್ನು ಬದಿಗಿಟ್ಟು ಎದ್ದರು. ರುಮಾಲು ಬಿಗಿದುಕೊಂಡರು.

"ನಡಿ. ಹಳೇದು ತಿರುವಿನೊಳಗ ಅಳ್ಳಾಡತೈತೋ ಇಲ್ಲೋ ನಾ ನೋಡಬೇಕು. ದಂಡಿ ದಾರಿ ಪೂರಾ ತಿರುವ ಐತಿ."

ರೇಸಿನ ಗಾಡಿಯಂಥ ಆ ಬೈಕಿಗೆ ಹಿಂದಿನ ಸೀಟೆಂದರೆ ಅಂಗೈಯಷ್ಟು. ಅದೂ ಮುಂದಿನದಕ್ಕಿಂತ ಎತ್ತರ. ಅಜ್ಜಾರು ಕಟ್ಟೆ ಹತ್ತಿ, ಅಲ್ಲಿಂದ ಕಾಲು ಹಾಕಿ ಏರಿದರು. ಕಾವಿಯ ಅಂಚನ್ನು ಮೊಣಕಾಲಡಿ ಒತ್ತಿಕೊಂಡರು.

"ಎಲ್ಲಿ ಹಿಡೀಬೇಕಪಾ?"

"ನನ್ನ ಹೆಗಲ ಹಿಡಕೋರಿ."

ಅಜ್ಜಾರ ಎರಡೂ ಕೈ ಹೆಗಲ ಮೇಲೆ ಬಿದ್ದವು. ಇಂದುಧರ ಕೂಡಲೇ ಗಾಡಿ ಬಿಡಲಿಲ್ಲ. ಮನುಷ್ಯರ ಕೈ ತನ್ನ ಹೆಗಲ ಮೇಲೆ ಬಿದ್ದು ಎಷ್ಟು ದಿನವಾಯಿತೆಂದು ನೆನಪಾಗಲಿಲ್ಲ.

ಅವರು ದಂಡೆಯ ದಾರಿಯಲ್ಲಿ ಹೋದರು. ಎಮ್ಮೆಗಳು ಅಡ್ಡ ಬಂದಾಗ ನಿಂತರು. ಎಮ್ಮೆಯವಳು ಅಜ್ಜಾರನ್ನು ಗುರುತು ಹಿಡಿದು ಅಲ್ಲಿಂದಲೇ ಕೈ ಮುಗಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ದಾರಿ ಮುಗಿಯುವಲ್ಲಿ ತಿರುಗಿಸಿಕೊಂಡು ವಾಪಸು ಬಂದರು.

ಇಳಿದ ಮೇಲೆ ಅಜ್ಜಾರು ಸೊಂಟ ಹಿಡಿದುಕೊಂಡು ಹೇಳಿದರು, "ಅಳ್ಳಾಡಲಿಲ್ಲಲ್ಲ."

"ನಾವು ಚಕ್ಕಡಿಗಿಂತ ಸಾವಕಾಶ ಹೋದ್ವಿ ರೀ. ಅಷ್ಟಕ್ಕ ಯಾವ ಗಾಡಿ ಅಳ್ಳಾಡತೈತಿ?"

"ಹಂಗೇನು? ಮತ್ತೆ ನೋಡೂಣು. ಮುಂದಿನ ಐತವಾರ ಬಾ."

ಮುಂದಿನ ಐತವಾರ ಬಂದಾಗ ಇಂದುಧರನ ಮುಖ ಬಿಗಿದುಕೊಂಡಿತ್ತು.

"ಅಜ್ಜಾರ, ನನ್ನನ್ನ ಚಾಷ್ಟಿ ಮಾಡಾಕತ್ತೀರೇನ್ರಿ? ತಗೋ ಅನ್ರಿ, ಇಲ್ಲಾಂದ್ರ ಬ್ಯಾಡ ಅನ್ರಿ. ಒಂದ ಮಾತಿನಾಗ ಮುಗೀತೈತಿ."

"ಬ್ಯಾರೆ ಯಾರನ್ನೂ ಕೇಳಲಿಲ್ಲೇನು?"

"ಕೇಳಿದೆ ರೀ. ಫೋನಿನಾಗ ಬೈಕಿನವರದೊಂದು ಗುಂಪು ಐತಿ. ಅದರಾಗ ಬರದು ಹಾಕಿದೆ."

"ಏನಂದ್ರು?"

"ಹೆಬ್ಬಟ್ಟಿನ ಚಿತ್ರ ಕಳಿಸಿದ್ರು."

"ಯಾರು?"

"ಯಾರೋ ರೀ. ಮುಖಾ ನೋಡಿಲ್ಲ."

"ವರ್ಷಾ ಹೊಸದು ಬರತಿರಬೇಕಲ್ಲ. ಹೋದ ವರ್ಷ ಯಾರನ್ನ ಕೇಳಿದ್ದಿ?"

ಇಂದುಧರ ಹೊಳೆಯ ಕಡೆ ತಿರುಗಿದ. ನೀರು ಕಡಿಮೆಯಾಗಿ ನಡುವೆ ಮರಳು ತೋರುತ್ತಿತ್ತು. ಒಂದು ಕೊಕ್ಕರೆ ಆ ಮರಳಿನ ಮೇಲೆ ನಿಂತಿತ್ತು.

"ದಸ್ತಗೀರನ್ನ," ಅಂದ.

"ಅಂವ ಯಾರು?" ಅಂದರು ಅಜ್ಜಾರು.

ದಸ್ತಗೀರ ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆದು ಕೂಡಿಸುವವನು. ಇಬ್ಬರೂ ಒಂದೇ ದಿನ, ಒಂದೇ ಬಗೆಯ ಬೈಕು ತಗೊಂಡಿದ್ದರು. ಇವನದು ಕಪ್ಪು, ಅವನದು ನೀಲಿ. ಪ್ರತಿ ವರ್ಷ ಹೊಸ ಮಾಡೆಲ್ಲಿನ ಸುದ್ದಿ ಬಂದ ಗಳಿಗೆಗೆ ಇಂದುಧರ ಫೋನು ಮಾಡುತ್ತಿದ್ದ. ಭಾರೀ ಬದಲಾಗೈತಿ, ತಗೊಳ್ಳೂಣು ಅನ್ನುತ್ತಿದ್ದ. ಸ್ಟಿಕರ್ ಬದಲಿ ಮಾಡ್ಯಾರ, ಅಷ್ಟ, ಅನ್ನುತ್ತಿದ್ದ ದಸ್ತಗೀರ. ಅಲ್ಲಿಂದ ಶುರುವಾದ ಜಗಳ ಚಹಾದಂಗಡಿಯಲ್ಲಿ, ದಸ್ತಗೀರನ ಮನೆಯಲ್ಲಿ, ಐತವಾರದ ಸುತ್ತಾಟದಲ್ಲಿ ತಿಂಗಳುಗಟ್ಟಲೆ ನಡೆಯುತ್ತಿತ್ತು. ಒಮ್ಮೊಮ್ಮೆ ಮಾತು ಬಿಡುವವರೆಗೂ ಹೋಗುತ್ತಿತ್ತು. ಮುಗಿಯುವಷ್ಟರಲ್ಲಿ ಮುಂದಿನ ವರ್ಷದ್ದು ಬರುತ್ತಿತ್ತು.

"ಇಬ್ಬರೂ ಒಮ್ಮೆನೂ ಬದಲಿ ಮಾಡಲಿಲ್ರಿ," ಅಂದ ಇಂದುಧರ.

"ಈಗ ಅಂವ ಎಲ್ಲಿ ಅದಾನ?"

"ಯುಗಾದಿ ಮುಂದ ಹೋದ ರೀ. ಅಂಗಡಿಯೊಳಗ ಕೂತಲ್ಲೇ ಎದಿ ಹಿಡಕೊಂಡನಂತ. ನನಗ ಫೋನ್ ಮಾಡಿದ್ರು. ಮಶೀನಿನ ಸದ್ದಿನಾಗ ನನಗ ಕೇಳಲಿಲ್ಲ."

"ಅವನ ಗಾಡಿ?"

"ಮನಿ ಮುಂದ ನಿಂತೈತಿ. ಅಂವಗ ಒಬ್ಬಾಕಿ ಅಕ್ಕ ಅದಾಳ್ರಿ, ಬೀಬಿಜಾನ್ ಅಕ್ಕ. ಹೊಲಿಗಿ ಮಾಡತಾಳ. ತಾಯಿ ಹೋದಮ್ಯಾಲೆ ಅವನ್ನ ಬೆಳಸಿದಾಕಿ. ಒಮ್ಮೆ ಬಂದು ಗಾಡಿ ಚಾಲೂ ಮಾಡಿ ಹೋಗು, ನಿಂತು ಹಾಳಾಗತೈತಿ ಅಂತ ಪ್ರೆಸ್ಸಿಗೆ ಹೇಳಿ ಕಳಿಸಿದ್ಲು. ಮತ್ತೊಮ್ಮೆ ಕಳಿಸಿದ್ಲು. ನಾ ಹೋಗಲಿಲ್ಲ."

"ಯಾಕ?"

ಇಂದುಧರ ಕೈಯಲ್ಲಿದ್ದ ಗಾಡಿಯ ಕೀಲಿಯನ್ನು ತಿರುವಿದ.

"ಚಾಲೂ ಆದ್ರ ಅವನ ಸದ್ದು ಬರತೈತ್ರಿ," ಅಂದ.

ಅಜ್ಜಾರು ಅವನ ಬೆನ್ನ ಮೇಲೆ ಕೈ ಇಟ್ಟು, ತೆಗೆದರು.

"ಹೋಗಿ ಚಾಲೂ ಮಾಡಿ ಬಾ. ಆಮ್ಯಾಲೆ ಹೊಸದರ ಮಾತು."

ಬೀಬಿಜಾನ್ ಅಕ್ಕನ ಮನೆ ಗದಗದ ಒಂದು ಇಕ್ಕಟ್ಟಿನ ಓಣಿಯಲ್ಲಿತ್ತು. ಇಂದುಧರ ಹೋದಾಗ ಅವಳು ಬಾಗಿಲಲ್ಲೇ ಹೊಲಿಗೆಯ ಮಶೀನು ಹಾಕಿಕೊಂಡು ಕುಳಿತಿದ್ದಳು. ತುಳಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

"ಬಾ ತಮ್ಮಾ," ಅಂದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

ನೀಲಿ ಬೈಕಿನ ಮೇಲೆ ಹಳೆಯ ಚಾದರ ಹೊದಿಸಿತ್ತು. ತೆಗೆದರೆ ಒಳಗೂ ಧೂಳು. ಬ್ಯಾಟರಿ ಪೂರಾ ಇಳಿದಿತ್ತು. ಇಂದುಧರ ತನ್ನ ಗಾಡಿಯನ್ನು ತಳ್ಳಿ ತಂದು ಅದರ ಪಕ್ಕಕ್ಕೆ ನಿಲ್ಲಿಸಿದ. ಇದರ ಬ್ಯಾಟರಿಯಿಂದ ಅದಕ್ಕೆ ವೈರು ಹಚ್ಚಿದ. ವೈರು ಕಳಚಿ ಕಳಚಿ ಬಿತ್ತು. ಅಕ್ಕ ಬಂದು ಒಂದು ತುದಿ ಹಿಡಿದುಕೊಂಡಳು.

ಗುಂಡಿ ಒತ್ತಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಒತ್ತಿದ.

ಚಾಲೂ ಆಯಿತು.

ಓಣಿ ತುಂಬ ಆ ಸದ್ದು ತುಂಬಿಕೊಂಡಿತು. ಎದುರು ಮನೆಯ ಕಿಟಕಿ ತೆರೆಯಿತು. ತೆರೆದವರು ನೋಡುತ್ತ ಹಾಗೇ ನಿಂತರು. ಅಕ್ಕ ಗೋಡೆಗೆ ಕೈ ಊರಿ, ಕಣ್ಣು ಮುಚ್ಚಿಕೊಂಡು ಕೇಳಿದಳು. ಇಂದುಧರ ತಲೆ ತಗ್ಗಿಸಿ ಹ್ಯಾಂಡಲ್ ಹಿಡಿದಿದ್ದ. ಎಂಜಿನ್ ಕಾಯುವವರೆಗೆ ಬಿಟ್ಟು, ಆಮೇಲೆ ಆರಿಸಿದ.

ಅಕ್ಕ ಚಹಾ ತಂದು ಕೊಟ್ಟಳು. ತಾನು ಮತ್ತೆ ಮಶೀನಿನ ಮುಂದೆ ಕುಳಿತಳು.

"ಈ ವರ್ಷದ್ದು ಬಂದಿರಬೇಕಲ್ಲ. ಹೆಂಗೈತಿ?"

ಇಂದುಧರ ಬೆಚ್ಚಿದ. "ನಿಮಗ ಹೆಂಗ ಗೊತ್ತಕ್ಕಾರ?"

"ದರಾ ವರ್ಷ ಇದ ದಿನದಾಗ ಅಲ್ಲೇನು ನಿಮ್ಮ ಜಗಳ? ನನ್ನ ಮಶೀನಿನ ಸದ್ದೂ ನನಗ ಕೇಳತಿರಲಿಲ್ಲ. ಈ ಸಲ ಮನಿ ಸುಮ್ಮನ ಐತಿ. ಬಂದೈತೋ ಇಲ್ಲೋ ಅಂತ ನಾನೂ ವಿಚಾರ ಮಾಡಾಕತ್ತಿದ್ದೆ."

ಅವನು ಹೇಳಿದ. ಪರದೆ, ಶಾಕ್, ದೀಪ, ಎಲ್ಲ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಸ್ಟಿಕರ್ ಬದಲಿ ಮಾಡ್ಯಾರ ಅಂತಿದ್ದ ಅಂವ," ಅಂದಳು.

"ಅಲ್ಲಕ್ಕಾರ, ಈ ಸಲ ಗೇರ್ ಖರೇನ ಬ್ಯಾರೆ ಅದಾವು..."

ಇಂದುಧರ ಗ್ಲಾಸು ಕೆಳಗಿಟ್ಟು ಮುಖ ಮುಚ್ಚಿಕೊಂಡ. ದಸ್ತಗೀರ ಸತ್ತ ದಿನವೂ ಅತ್ತಿರದವನು ಹೊಲಿಗೆಯ ಚಿಂದಿಗಳ ನಡುವೆ ಕುಳಿತು ಅತ್ತ.

ಅಕ್ಕ ಅವನು ಸುಧಾರಿಸಿಕೊಳ್ಳಲೆಂದು ಬಿಟ್ಟಳು. ಅವಳ ಕಣ್ಣೂ ತೇವವಾಗಿತ್ತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಕೇಳಿದಳು, "ಹೇಳು. ಗೇರಿಗೆ ಏನ್ ಮಾಡ್ಯಾರ?"

ಅಂದೇ ಇಂದುಧರ ಮಠಕ್ಕೆ ತಿರುಗಿ ಬಂದಾಗ ಹೊತ್ತು ಇಳಿದಿತ್ತು. ಅಜ್ಜಾರು ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿದ್ದರು. ಗಾಡಿಯ ಸದ್ದಿಗೆ ಮೊದಲೇ ಈ ಕಡೆ ತಿರುಗಿದ್ದರು.

"ಚಾಲೂ ಆತೇನು?"

"ಆತ್ರಿ."

"ಸದ್ದು?"

"ಅವನದ ರೀ."

ಇಂದುಧರ ಕೆಳಗಿನ ಮೆಟ್ಟಿಲಲ್ಲಿ ಕುಳಿತ. ನಡೆದದ್ದೆಲ್ಲ ಹೇಳಿದ. ಇನ್ನು ಮೇಲೆ ಆಗಾಗ ಹೋಗಿ ಗಾಡಿ ಚಾಲೂ ಮಾಡಿ ಬರುತ್ತೇನೆ ಅಂತ ಅಕ್ಕನಿಗೆ ಮಾತು ಕೊಟ್ಟದ್ದನ್ನೂ ಹೇಳಿದ.

ಅಜ್ಜಾರು ನೀರು ನೋಡುತ್ತ ಕೇಳಿಸಿಕೊಂಡರು.

"ಅಂವ ಹೇಳತಿದ್ದದ್ದ ಖರೇ ಕಾಣತೈತಿ," ಅಂದರು. "ಎಂಜಿನ್ ಅದ ಐತಿ ಅಂತ ನೀನ ಅಂದಿ. ಎಂಜಿನ್ ಅದ ಇದ್ದಮ್ಯಾಲೆ ಗಾಡಿ ಹೆಂಗ ಹೊಸದಾಗತೈತಿ?"

"ಹಂಗಲ್ರಿ ಅಜ್ಜಾರ. ಎಂಜಿನ್ ಒಂದ ಇದ್ರ ಆತೇನು? ಓಡಿಸೋ ರೀತಿನ ಬದಲಾಗತೈತಿ."

"ದೀಪದ ಆಕಾರ ಬದಲಿ ಮಾಡಿದ್ರ ಬೆಳಕು ಹೆಚ್ಚು ಬೀಳತೈತೇನು?"

"ಬೀಳೂದಿಲ್ರಿ. ಆದ್ರ..."

"ಮತ್ತೆ ಯಾಕ ಬದಲಿ ಮಾಡಿದ್ರು?"

"ನೋಡಾಕ ಚೆಂದ ಕಾಣಲಿ ಅಂತ್ರಿ."

"ಮ್ಯಾಲೆ ಕೂತಾಂವಗ ತನ್ನ ಗಾಡಿ ದೀಪ ಕಾಣತೈತೇನು?"

"ನಿಮಗ ತಿಳಿಯೂದಿಲ್ಲ ಸುಮ್ಮನಿರ್ರಿ," ಅಂದುಬಿಟ್ಟ ಇಂದುಧರ, ದನಿ ಎತ್ತರಿಸಿ.

ಅಂದವನೇ ಹೆದರಿದ. ಗುರುವಿಗೆ ಎಂದೂ ಹಾಗೆ ಎದುರಾಡಿದವನಲ್ಲ. ಕಾಲು ಮುಟ್ಟಲು ಕೈ ಚಾಚಿದ.

ಅಜ್ಜಾರು ಕಾಲು ಹಿಂದಕ್ಕೆಳೆದುಕೊಂಡು, ಇನ್ನೂ ಮುಂದೆ ಬಾಗಿದರು. "ತಿಳಿಸಿ ಹೇಳು ಮತ್ತೆ," ಅಂದರು.

ಇಂದುಧರ ತಿಳಿಸಿ ಹೇಳಿದ. ಅಜ್ಜಾರು ಒಪ್ಪಲಿಲ್ಲ. ಅವನು ಮತ್ತೊಂದು ರೀತಿ ಹೇಳಿದ. ಅದಕ್ಕೂ ಒಪ್ಪಲಿಲ್ಲ. ಇಬ್ಬರ ದನಿಯೂ ನೀರಿನ ಮೇಲೆ ಹಾದು ಆಚೆ ದಂಡೆಗೆ ಹೋಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಈ ಕಡೆ ನೋಡಿದರು.

ಬಿಸಿಲು ಹೋಗುವ ಹೊತ್ತಿಗೆ ಇಂದುಧರ ಎದ್ದ. ಮುಂಜಾನೆ ಮಶೀನು ಶುರು ಮಾಡಬೇಕಿತ್ತು. ಅಜ್ಜಾರೂ ಎದ್ದರು. ಯಾರನ್ನೂ ಕಳಿಸಲು ಪಡಸಾಲೆ ಇಳಿಯದವರು ಗಾಡಿಯವರೆಗೆ ನಡೆದು ಬಂದರು.

ಹೆಲ್ಮೆಟ್ ಹಾಕಿಕೊಳ್ಳುತ್ತ ಇಂದುಧರ ಕೇಳಿದ, "ಅಜ್ಜಾರ, ಕಡೀಕೂ ನೀವು ಹೇಳಲಿಲ್ಲ ನೋಡ್ರಿ. ತಗೋಬೇಕೋ, ಬ್ಯಾಡೋ?"

"ಅದನ್ನ ಇವತ್ತ ಹೇಳಿಬಿಟ್ಟರ," ಅಂದರು ಅಜ್ಜಾರು, "ಮುಂದಿನ ಐತವಾರ ನಾ ಯಾರ ಜೋಡಿ ಜಗಳಾಡ್ಲಿ?"