ಬಾವುಟ ನಿಂತಲ್ಲೇ ದೇಶ

ಬಹಳ ದೂರದ ಉತ್ತರದಲ್ಲಿ, ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಷ್ಟು ಚಳಿಯ ಓರ್ವೆ ಎಂಬ ನಾಡಿತ್ತು. ಚಳಿಗಾಲದ ಕೊನೆಗೆ ಕಡಲಾಚೆಯಿಂದ ಬ್ರಾಂದಿಲ್ಲೊ ಎಂಬ ಕಪ್ತಾನ ಹಡಗಿನಲ್ಲಿ ಅಲ್ಲಿನ ಕಲ್ಲುಗುಡ್ಡದ ದಡಕ್ಕೆ ಬಂದಿಳಿದ.

"ಈ ದೇಶವನ್ನು ನಾನು ಕಂಡುಹಿಡಿದೆ!" ಎಂದು ಗರ್ಜಿಸಿದ.

ಬಲೆ ಹೆಣೆಯುತ್ತಿದ್ದ ಮುದುಕಿ ಸಿಲ್ಗಾ ತಲೆಯೆತ್ತಿದಳು. "ಯಾಕೆ ಬುದ್ಧಿ, ಕಳೆದುಹೋಗಿತ್ತೇ?"

ಕಪ್ತಾನನಿಗೆ ರೇಗಿತು. "ನನ್ನ ಬಾವುಟ ನಿಂತ ನೆಲ ನನ್ನದು. ಇನ್ನು ನೀವು ಹಿಡಿಯುವ ಮೀನಿನಲ್ಲಿ ಅರ್ಧ ನನಗೆ!" ಅವನ ಬೆನ್ನಿಗೆ ಬಂದೂಕಿನವರು ನಿಂತಿದ್ದರು.

ಸಿಲ್ಗಾ ಕೈಮುಗಿದಳು. "ಆಗಲಿ. ಬಾವುಟ ಇದ್ದ ನೆಲ ನಿಮ್ಮದು, ಇಲ್ಲದ ನೆಲ ನಮ್ಮದು. ಆಮೇಲೆ ಮಾತಿಗೆ ತಪ್ಪಬಾರದು."

"ಇದು ಕಪ್ತಾನನ ಮಾತು!" ಎಂದು ಅವನು ಎದೆ ತಟ್ಟಿಕೊಂಡ.

"ಹಾಗಾದರೆ ಬಾವುಟಕ್ಕೆ ಈ ಕಲ್ಲುಗುಡ್ಡ ಯಾಕೆ? ಅಗೋ, ಆ ಬಯಲು ನೋಡಿ. ಕಲ್ಲಿಲ್ಲ, ಮುಳ್ಳಿಲ್ಲ, ಕಣ್ಣು ಹಾಯುವಷ್ಟು ದೂರ ಸಪಾಟು. ದೊಡ್ಡವರಿಗೆ ದೊಡ್ಡ ಜಾಗವೇ ಚೆಂದ."

ಕಪ್ತಾನ ಹಿಗ್ಗಿ ಹೀರೇಕಾಯಿಯಾದ. ಆ ಬಿಳಿ ಬಯಲಿನ ನಟ್ಟನಡುವೆ ಬಾವುಟ ನೆಟ್ಟು ತುತ್ತೂರಿ ಊದಿಸಿದ.

ವಾರ ಕಳೆಯಿತು, ಬಿಸಿಲೇರಿತು. ಕಪ್ತಾನ ಮೀನು ವಸೂಲಿಗೆಂದು ಸಿಲ್ಗಾಳ ಬಾಗಿಲಿಗೆ ಬಂದಿದ್ದ. ಅಷ್ಟರಲ್ಲಿ ಬಯಲು ಲಟಲಟನೆ ಬಿರಿಯಿತು. ಅದು ನೆಲವಾಗಿದ್ದರೆ ತಾನೇ? ಹೆಪ್ಪುಗಟ್ಟಿದ ಸಮುದ್ರ! ಬಾವುಟ ಹೊತ್ತ ಮಂಜುಗಡ್ಡೆ ಮೆಲ್ಲಗೆ ತೇಲಿಹೊರಟಿತು. ಕಪ್ತಾನ ಬಾಯಿ ಬಿಟ್ಟವನು ಮುಚ್ಚಲಿಲ್ಲ. ಬಂದೂಕಿನವರೇ ಮೊದಲು ನಕ್ಕರು.

ಸಿಲ್ಗಾ ಅವನ ಕೈಗೆ ಒಂದು ಒಣಮೀನು ಇಟ್ಟಳು.

"ದಾರಿಗಿರಲಿ. ಬೇಗ ಹಡಗು ಹತ್ತಿ ಬುದ್ಧಿ, ನಿಮ್ಮ ದೇಶ ಹೊರಟುಬಿಟ್ಟಿತು!"