ಚಲುವ ಫಿಂಗರ್ ಚಿಪ್ಸ್ ಕರಿದದ್ದು

ಮಾರ್ಚ್ ಹದಿನಾಲ್ಕು, ಶನಿವಾರ. ಬೆಳಗಿನಿಂದಲೇ ಉರಿಬಿಸಿಲು, ಗಾಳಿಯ ಸುಳಿವಿಲ್ಲ.

ಹಾಸನದ ಸಂತೆಪೇಟೆಯಲ್ಲಿ ಬಜ್ಜಿ ಗಾಡಿ ಇಟ್ಟುಕೊಂಡಿದ್ದ ಸಣ್ಣತಾಯಮ್ಮನಿಗೆ ಒಬ್ಬನೇ ಮಗ, ಚಲುವ. ಮೂವತ್ತು ದಾಟಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಆಕೆಯ ಸಂಕಟವೇ ಅದು. ಅವತ್ತು ಸಂಜೆ ಮದುವೆ ಅಡುಗೆಯ ಕಂಟ್ರಾಕ್ಟರ್ ಕಾಳೇಗೌಡರು ಫಿಂಗರ್ ಚಿಪ್ಸ್ ರುಚಿ ನೋಡಲು ಬರುವವರಿದ್ದರು. ಹಿಡಿಸಿದರೆ ನಾಳೆಯ ಮದುವೆಗೆ ನೂರು ಪ್ಲೇಟ್. ಆ ದುಡ್ಡು ಬಂದರೆ ಗಾಡಿ ಉಳಿಯುತ್ತದೆ, ಇಲ್ಲದಿದ್ದರೆ ಮಾರುವುದೇ. ಆದರೆ ಆಕೆಯ ಬಲಗೈ ಸುಟ್ಟು, ಅದಕ್ಕೆ ಬಟ್ಟೆ ಸುತ್ತಿತ್ತು. ಕರಿಯಬೇಕಾದವನು ಚಲುವ.

ಹೊಸ ಆಲೂಗಡ್ಡೆ ಮುಂದಿಟ್ಟು, ಸಿಪ್ಪೆ ತೆಗೆದು ಬೆರಳಿನ ಗಾತ್ರಕ್ಕೆ ಹೆಚ್ಚು ಎಂದಳು. ಚಲುವ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಐದನ್ನೂ ಇಟ್ಟು ನೋಡಿ ನೋಡಿ ಹೆಚ್ಚಿದ. ಕಿರುಬೆರಳುಗಳು ಸೀದವು, ಹೆಬ್ಬೆರಳುಗಳು ಹಸಿಯಾಗೇ ಉಳಿದವು. ಎಲ್ಲಾ ಒಂದೇ ಅಳತೆ ಇರಬೇಕು ಕಣೋ ಎಂದು ತಾಯಿ ಬೈದಳು.

ಆಗಲವ್ವ ಎಂದ. ಒಂದು ಕೆಜಿ ಆಲೂಗಡ್ಡೆ ಹೆಚ್ಚಿ, ಅದಕ್ಕೆ ಒಂದು ಕೆಜಿ ಉಪ್ಪು ಸುರಿದ.

"ಉಪ್ಪು ಕೊನೆಗೆ ಕಣೋ! ಎರಡು ಬೆರಳಲ್ಲಿ ಒಂದು ಚಿಟಿಕೆ. ಕೊನೇಲಿ ಜಾಸ್ತಿ ಆದ್ರೆ ಎಲ್ಲಾ ಕೆಡುತ್ತೆ."

ಆಗಲವ್ವ ಎಂದ. ಮೂರನೇ ಸಲ ಹೆಚ್ಚಿದ್ದನ್ನು ತಣ್ಣೀರಲ್ಲಿ ನೆನೆಸು ಎಂದಳು. ನೆನೆಸಿದ, ನೀರು ಸೋರುತ್ತಿದ್ದ ಹಾಗೇ ಎಣ್ಣೆಗೆ ಬಿಟ್ಟ. ಎಣ್ಣೆ ಸಿಡಿದ ಸದ್ದಿಗೆ ಬೆಕ್ಕು ಬೀದಿ ಸೇರಿತು. ಎಣ್ಣೆ ಹತ್ತಿರ ಬರೋದನ್ನೆಲ್ಲ ಮೊದಲು ಬಟ್ಟೇಲಿ ಒತ್ತಿ ಒರೆಸಬೇಕು ಎಂದು ಬೈದಳು. ಅಷ್ಟರಲ್ಲಿ ಕಾಳೇಗೌಡರು ಬೆವರು ಸುರಿಸುತ್ತ ಒಲೆಯ ಹತ್ತಿರ ಬಂದರು. ಚಲುವ ಅವರ ಬೋಳುತಲೆಯನ್ನು ಒತ್ತಿ ಒರೆಸಿದ. ಮರ್ಯಾದಸ್ಥ ಹುಡುಗ ಎಂದುಕೊಂಡು ಗೌಡರು ಕೂತರು.

ತಾಯಿ ಕಿವಿಯಲ್ಲಿ ಪಿಸುಗುಟ್ಟಿದಳು: ಮೊದಲನೇ ಸಲ ಬಂದದ್ದು ಹಸಿ, ಅದನ್ನು ಮುಟ್ಟಬೇಡ, ಆರಲು ಬಿಡು, ಎರಡನೇ ಸಲ ಉರಿ ಏರಿಸಿದರೇ ಗರಿಗರಿ. ಚಲುವ ಹಾಗೇ ಮಾಡಿದ. ಒರೆಸಿದ, ಕರಿದ, ಆರಿಸಿದ, ಮತ್ತೆ ಕರಿದ, ಚಿಟಿಕೆ ಉಪ್ಪು ಉದುರಿಸಿದ. ಗೌಡರ ಬಾಯಲ್ಲಿ ಕರುಂ ಕರುಂ.

"ಪ್ಲೇಟಿಗೆ ಇಪ್ಪತ್ತು ಕೊಡ್ತೀನಿ ಕಣಯ್ಯ."

"ಮೊದಲನೇ ಸಲ ಬಂದದ್ದು ಹಸಿ, ಗೌಡ್ರೆ. ಆರಲಿ."

ಹೇಳಿದವನೇ ಕೈಕಟ್ಟಿ ಸುಮ್ಮನೆ ಕೂತ. ಗೌಡರು ಅವನನ್ನು ನೋಡಿದರು, ತಟ್ಟೆ ನೋಡಿದರು, ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು. ಕೊನೆಗೆ ಮೂವತ್ತು ಎಂದರು.

"ಈಗ ಗರಿಗರಿ," ಅಂದ ಚಲುವ.

ಸಣ್ಣತಾಯಮ್ಮನಿಗೆ ಕಣ್ಣು ತುಂಬಿತು. ಇಷ್ಟು ವರ್ಷ ಇವನನ್ನು ಪೆದ್ದ ಎಂದುಕೊಂಡದ್ದು ತನ್ನದೇ ತಪ್ಪು ಅನ್ನಿಸಿತು. ವ್ಯವಹಾರವನ್ನು ಮಗನ ಕೈಗೇ ಬಿಟ್ಟು, ಗೌಡರಿಗೆ ಸೋಡಾ ತರಲು ಓಡಿದಳು.

ಬರುವಷ್ಟರಲ್ಲಿ ಗೌಡರಿರಲಿಲ್ಲ. ನೂರು ಪ್ಲೇಟಿಗೂ ಪೂರ್ತಿ ಸಂದಾಯ ಎಂದು ಚಲುವನಿಂದ ರುಜು ಹಾಕಿಸಿಕೊಂಡು, ಬಹಳ ಆತುರದಲ್ಲಿ ಹೋಗಿದ್ದರು.

"ಎಷ್ಟು ಕೊಟ್ಟರೋ?"

"ಕೊನೇಲಿ ಮೂರು ಸಾವಿರ, ಅದರ ಮೇಲೆ ಶುಭಕ್ಕೆ ಅಂತ ಒಂದು ರೂಪಾಯಿ ಇಟ್ಟು ಮುಂದೆ ಹಿಡಿದ್ರು ಕಣವ್ವ. ಜಾಸ್ತಿ ಆದ್ರೆ ಕೆಡುತ್ತೆ ಅಂತ ನೀನೇ ಹೇಳಿದ್ದೆಯಲ್ಲ."

ಚಲುವ ಕೈ ಮುಂದೆ ಮಾಡಿದ. ಎರಡು ಬೆರಳ ನಡುವೆ, ಚಿಟಿಕೆ ಹಿಡಿದ ಹಾಗೆ, ಶುಭದ ಆ ಒಂದು ರೂಪಾಯಿ.